ಹಳೆ ಜೀಪು: ಕಬ್ಬಿಣಕ್ಕಿಂತ ಕಾಗದ ದುಬಾರಿ

ಬೆಳಗಾವಿ, ಖಾನಾಪುರದ ಸುತ್ತ ಹಳೆಯ ಫೋರ್ ವ್ಹೀಲ್ ಡ್ರೈವ್ ಗಾಡಿ ಹುಡುಕಿಕೊಂಡು ಹೋಗುವವರು ಮೊದಲು ಕೇಳುವ ಮಾತು ‘ಎಷ್ಟಕ್ಕ ಕೊಡ್ತೀರಿ?’ ಎಂಬುದು. ಅದು ಕೊನೆಗೆ ಕೇಳಬೇಕಾದ ಮಾತು. ಮೊದಲು ಆರ್‌ಸಿ ತೆರೆಯಬೇಕು, ಆಮೇಲೆ ಚಾಸಿಯ ಕೆಳಗೆ ಬಗ್ಗಬೇಕು.

ಕಾರಣ ಶುಲ್ಕದ ಪಟ್ಟಿಯಲ್ಲಿದೆ. 2025ರ ಆಗಸ್ಟ್‌ನಲ್ಲಿ ಕೇಂದ್ರ ಹೊರಡಿಸಿದ ಅಧಿಸೂಚನೆಯ ಪ್ರಕಾರ 20 ವರ್ಷ ದಾಟಿದ ಲಘು ಮೋಟಾರು ವಾಹನದ ನೋಂದಣಿ ನವೀಕರಣಕ್ಕೆ 10,000 ರೂಪಾಯಿ. ಅದೇ ಆಮದು ವಾಹನವಾದರೆ 80,000. ನವೀಕರಣ 5 ವರ್ಷಕ್ಕೊಮ್ಮೆ. ಹಾಗಾಗಿ 10 ವರ್ಷದಲ್ಲಿ ಮಹೀಂದ್ರಾ ಜೀಪಿಗೆ 20,000 ಹೋದರೆ, ಆಮದು ಎಂದು ದಾಖಲಾದ ಅಮೆರಿಕದ ವಿಲ್ಲಿಸ್‌ಗೆ 1,60,000 ಹೋಗುತ್ತದೆ. ಜಿಎಸ್‌ಟಿ ಬೇರೆ. ಯುದ್ಧಕಾಲದ ವಿಲ್ಲಿಸ್ ಮತ್ತು ಮಹೀಂದ್ರಾದ ಸಿಜೆ-3ಬಿ, ಎರಡರದ್ದೂ 80 ಇಂಚಿನ ವ್ಹೀಲ್‌ಬೇಸ್, 2,199 ಸಿಸಿಯ ನಾಲ್ಕು ಸಿಲಿಂಡರ್ ಪೆಟ್ರೋಲ್ ಇಂಜಿನ್. ರಸ್ತೆಯಲ್ಲಿ ಅಣ್ಣ-ತಮ್ಮಂದಿರಂತಿರುವ ಈ ಎರಡರ ನಡುವೆ ಕಾಗದದಲ್ಲಿ ಎಂಟು ಪಟ್ಟು ಅಂತರ.

ಆದ್ದರಿಂದ ಎದುರಿಗಿರುವುದು ಯಾವುದೆಂದು ಗುರುತಿಸಲು ಬರಬೇಕು. ಎರಡನೇ ಮಹಾಯುದ್ಧಕ್ಕೆ ವಿಲ್ಲಿಸ್ ಮತ್ತು ಫೋರ್ಡ್ ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು. 1940ರ ದಶಕದ ಕೊನೆಯಲ್ಲಿ ಮಹೀಂದ್ರಾ ಬಿಡಿಭಾಗಗಳಾಗಿ ತರಿಸಿಕೊಂಡ ಮೊದಲ ಕಂತು ಬರೀ 75. ಮುಂದಿನ ಜಾಲರಿಯಲ್ಲಿ 9 ಸೀಳು ಇದ್ದರೆ ಅದು ಮಿಲಿಟರಿ ಮಾದರಿ, 7 ಇದ್ದರೆ ನಾಗರಿಕ ಮಾದರಿ. ಆದರೆ ಜಾಲರಿಯನ್ನು ಯಾರು ಬೇಕಾದರೂ ಬದಲಿಸಿರಬಹುದು. ಬಾನೆಟ್ ಎತ್ತಿ ರೇಡಿಯೇಟರ್ ಕೆಳಗಿನ ಅಡ್ಡಪಟ್ಟಿ ನೋಡಿ: ದುಂಡು ಪೈಪ್ ಆದರೆ ವಿಲ್ಲಿಸ್, ಚೌಕಾಕಾರವಾದರೆ ಫೋರ್ಡ್. ಫೋರ್ಡ್‌ನ ಬೋಲ್ಟುಗಳ ತಲೆಯ ಮೇಲೆ ‘ಎಫ್’ ಅಕ್ಷರವೂ ಅಚ್ಚಾಗಿರುತ್ತದೆ. ವಿಲ್ಲಿಸ್‌ನ ಎಡಗಡೆ ಚಕ್ರಗಳ ನಟ್ಟುಗಳಿಗೆ ಉಲ್ಟಾ ಚೂಡಿ ಇದೆ. ಇದು ಗೊತ್ತಿಲ್ಲದೆ ಪಂಕ್ಚರ್ ಅಂಗಡಿಯಲ್ಲಿ ಉದ್ದ ಪೈಪ್ ಹಾಕಿ ಒತ್ತಿದರೆ ಸ್ಟಡ್ ಮುರಿಯುತ್ತದೆ.

50 ವರ್ಷ ದಾಟಿದ ಗಾಡಿಗೆ ಇನ್ನೊಂದು ದಾರಿಯಿದೆ. 2021ರ ಜುಲೈನಲ್ಲಿ ಬಂದ ವಿಂಟೇಜ್ ನಿಯಮದಂತೆ ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ, ಆಮೇಲಿನ ನವೀಕರಣಕ್ಕೆ 5,000. ಆಮದು ವಿಲ್ಲಿಸ್ ಇಟ್ಟುಕೊಂಡವರಿಗೆ ಇದು ನಿಜಕ್ಕೂ ಉಳಿತಾಯ. ಮಹೀಂದ್ರಾ ಜೀಪಿನವರಿಗೆ ಮೊದಲ ಹತ್ತು ವರ್ಷದ ಖರ್ಚು ಎರಡೂ ದಾರಿಯಲ್ಲಿ ಒಂದೇ, ಆದರೆ ವಿಂಟೇಜ್ ಗಾಡಿಯನ್ನು ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ಇಂಥವಕ್ಕೆ ಮಾತ್ರ ರಸ್ತೆಗಿಳಿಯಬಹುದು. ಖಾನಾಪುರದ ಹೊಲಕ್ಕೆ ಈಗಲೂ ಜೀಪಿನಲ್ಲೇ ಗೊಬ್ಬರ ಒಯ್ಯುವ ರೈತರು ಈ ದಾರಿ ಹಿಡಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಪೆಟ್ರೋಲ್ ಇಂಜಿನ್ ತೆಗೆಸಿ ಡೀಸೆಲ್ ಕೂರಿಸಿದ ಗಾಡಿಗಂತೂ ವಿಂಟೇಜ್ ಮಾನ್ಯತೆ ಸಿಗುವುದಿಲ್ಲ. ಅಂಥದ್ದನ್ನು ಕೊಳ್ಳುವಾಗ ಆರ್‌ಸಿಯ ಇಂಧನ ಕಾಲಮ್ಮಿನಲ್ಲಿ ಡೀಸೆಲ್ ಎಂದೇ ಇದೆಯೇ ನೋಡಿ. ಇಲ್ಲದಿದ್ದರೆ ಪಾಸಿಂಗ್ ದಿನ ಗಾಡಿ ಅಲ್ಲೇ ನಿಲ್ಲುತ್ತದೆ.

ಇನ್ನು ಮಿಲಿಟರಿ ಮಾಲು. ಬೆಳಗಾವಿಯ ಕ್ಯಾಂಪ್ 1832ರದ್ದು. ಮರಾಠಾ ಲಘು ಪದಾತಿ ದಳದ ಕೇಂದ್ರ 1922ರಿಂದ ಇಲ್ಲಿದೆ. ಹಾಗಾಗಿ ಕ್ಯಾಂಪಿನಲ್ಲಿ ಯಾರೋ ಪರಿಚಯದವರಿದ್ದರೆ ಮಾರುತಿ ಜಿಪ್ಸಿ ಸಿಕ್ಕೀತು ಎಂಬ ನಂಬಿಕೆ ಊರಲ್ಲಿ ಗಟ್ಟಿಯಾಗಿದೆ. ಆದರೆ ಸೇನೆ ತೆಗೆದುಹಾಕಿದ ವಾಹನಗಳು ಹೋಗುವುದು ಕೇಂದ್ರ ಸರ್ಕಾರಿ ಸಂಸ್ಥೆಯಾದ ಎಂಎಸ್‌ಟಿಸಿಯ ಇ-ಹರಾಜಿಗೆ. ಅಲ್ಲಿ ಬೆಳಗಾವಿಯವರ ಜೊತೆ ಇಡೀ ದೇಶದ ಗುಜರಿ ವ್ಯಾಪಾರಿಗಳು ಬೆಲೆ ಕೂಗುತ್ತಾರೆ. ಸೇನಾ ನಂಬರ್ ಪ್ಲೇಟಿನ ಬಾಣದ ಗುರುತಿನ ನಂತರದ ಎರಡು ಅಂಕಿ ವರ್ಷವನ್ನು ಹೇಳುತ್ತವೆ. ಗಾಡಿಯ ವಯಸ್ಸು ತಿಳಿಯಲು ಅದು ಸಾಕು. 1985ರ ಕೊನೆಗೆ 970 ಸಿಸಿ ಇಂಜಿನ್ನಿನಿಂದ ಶುರುವಾದ ಜಿಪ್ಸಿ ಮುಂದೆ 1,298 ಸಿಸಿಗೆ ಬಂತು. ಸೇನೆಯ ಇನ್ನೊಂದು ಗಾಡಿ ಜೋಂಗಾದ್ದು 3,956 ಸಿಸಿ. ಯಾವುದೇ ಆಗಲಿ, ಸೇನಾ ಪ್ರಾಧಿಕಾರ ಕೊಟ್ಟ ಮೂಲ ಮಾರಾಟ ಪ್ರಮಾಣಪತ್ರ, ಅಂದರೆ ಫಾರ್ಮ್ 21, ಇಲ್ಲದೆ ನೋಂದಣಿ ಆಗದು. ಜೆರಾಕ್ಸ್ ತೋರಿಸಿ ಅಡ್ವಾನ್ಸ್ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಅರಣ್ಯ, ಲೋಕೋಪಯೋಗಿ ಇಲಾಖೆಗಳ ಜೀಪು ಹರಾಜಿನಲ್ಲಿ ಹಿಡಿಯುವ ಕಾಲವೂ ಮುಗಿಯಿತು. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳು ನೇರ ಸ್ಕ್ರ್ಯಾಪ್‌ಗೆ. ಕಾಡಿನ ದಾರಿಯಲ್ಲಿ ದುಡಿದ ಎಷ್ಟೋ ಒಳ್ಳೆಯ ಚಾಸಿಗಳು ಹೀಗೆ ಕರಗುತ್ತಿರುವುದು ನನಗೆ ನೋವಿನ ಸಂಗತಿ. ಉಳಿದಿರುವುದು ಮನೆಗಳ ಹಿತ್ತಲಲ್ಲಿರುವ ಖಾಸಗಿ ಗಾಡಿಗಳೇ.

ಹೆಚ್ಚು ಮಳೆ ಬೀಳುವ ಜಾಂಬೋಟಿ, ಕಣಕುಂಬಿ ಕಡೆಯ ಗಾಡಿಯಾದರೆ ತುಕ್ಕಿನ ಲೆಕ್ಕ ಬೇರೆಯೇ ಹಾಕಬೇಕು. ಪೆಡಲ್ ಕೆಳಗಿನ ಪತ್ರಾ ಹೊಸದಾಗಿ ಹಾಕಿಸಬಹುದು, ಅದಕ್ಕೆ ಹೆದರಬೇಕಿಲ್ಲ. ಆದರೆ ಮಳೆಗಾಲದ ಕೆಂಪು ಮಣ್ಣು ಚಾಸಿಯೊಳಗೆ ಕೂತು ಕಬ್ಬಿಣವನ್ನು ಒಳಗಿನಿಂದ ತಿನ್ನುತ್ತದೆ. ಪ್ಲೇಟ್ ಕೂಡುವ ಜಾಗದಲ್ಲಿ ಸಣ್ಣ ಸುತ್ತಿಗೆಯಿಂದ ತಟ್ಟಿ, ಸದ್ದು ಮಂದವಾಗಿ ಬಂದರೆ ಬೆಲೆ ಮಾತಾಡದೆ ಎದ್ದು ಬನ್ನಿ. ಬೋರಿಂಗ್, ಬುಶ್, ಪಿನ್ ಕೆಲಸಕ್ಕೆ ಬೆಳಗಾವಿಯ ಉದ್ಯಮಬಾಗದ ಲೇಥ್‌ಗಳಿವೆ. ಚಾಸಿಗೆ ಅಂಥ ಉಪಾಯವಿಲ್ಲ, ಅದರ ನಂಬರು ಆರ್‌ಸಿಯಲ್ಲಿದೆ.

ಇಷ್ಟೆಲ್ಲ ಪಡಿಪಾಟಲು ಯಾಕೆ ಎಂದು ಕೇಳುವವರು ವಿಲ್ಲಿಸ್‌ನ ಲೋ ಗೇರ್ ಲೆಕ್ಕ ನೋಡಬೇಕು. ಮೊದಲ ಗೇರ್ 2.67, ಲೋ 1.97, ಆಕ್ಸಲ್ 4.88. ಮೂರನ್ನೂ ಗುಣಿಸಿದರೆ 25ಕ್ಕೂ ಮೇಲೆ. ಇಂಜಿನ್ 25 ಸುತ್ತು ತಿರುಗಿದರೂ ಚಕ್ರ ಒಂದು ಸುತ್ತು ಪೂರ್ತಿ ತಿರುಗುವುದಿಲ್ಲ. ಬರೀ 60 ಅಶ್ವಶಕ್ತಿಯ ಗಾಡಿ ಭತ್ತದ ಗದ್ದೆಯ ಕೆಸರಿನಿಂದ ನಿಧಾನಕ್ಕೆ ಎದ್ದು ಬರುವುದು ಹೀಗೆ.

ಓಡಿಸುವ ಖರ್ಚು ಅಷ್ಟೇನೂ ಭಯಪಡುವಂಥದ್ದಲ್ಲ. ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿ.ಮೀ., ಹೋಗಿ ಬಂದರೆ 52. ಲೀಟರಿಗೆ 8 ಕಿ.ಮೀ., ಪೆಟ್ರೋಲಿಗೆ 103 ರೂಪಾಯಿ ಹಿಡಿದರೆ ಆರೂವರೆ ಲೀಟರ್, ಸುಮಾರು 670 ರೂಪಾಯಿ. ಜೋಂಗಾಕ್ಕೆ 5 ಕಿ.ಮೀ. ಹಿಡಿದರೆ 1,070ರ ಹತ್ತಿರ. ಆದರೆ ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಇದೆ. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಾಮ್, ಕಾರ್ಬ್ಯುರೇಟರಿನ ಗ್ಯಾಸ್ಕೆಟ್ ಇದನ್ನು ತಡೆಯುವುದಿಲ್ಲ. ವಿಲ್ಲಿಸ್‌ನ ಟ್ಯಾಂಕ್ ಇರುವುದು ಚಾಲಕರ ಸೀಟಿನ ಕೆಳಗೇ, ಸೋರಿದರೆ ಅಪಾಯ. ಗಾಡಿ ಮನೆಗೆ ಬಂದ ದಿನವೇ ಈ ಮೂರು ಬಿಡಿಭಾಗಗಳನ್ನೂ ಬದಲಿಸಿ, ಆಮೇಲೆ ಬಣ್ಣದ ಮಾತು.