ಹೈಪರ್‌ಟೆಕ್ಸ್ಟ್‌: ಕೊಂಡಿ ಹೇಳದೆ ಬಿಡುವ ಸಂಬಂಧ

ಕೊಂಡಿಗಳಿಂದ ಹೆಣೆದ, ಒಂದೇ ಕ್ರಮದಲ್ಲಿ ಓದಬೇಕೆಂಬ ನಿರ್ಬಂಧವಿಲ್ಲದ ಪಠ್ಯವನ್ನು ಹೈಪರ್‌ಟೆಕ್ಸ್ಟ್ ಎನ್ನುತ್ತಾರೆ. ಟೆಡ್ ನೆಲ್ಸನ್ ಈ ಪದವನ್ನು 1965ರಲ್ಲಿ ಬಳಕೆಗೆ ತಂದರು. ದಾಖಲೆಗಳನ್ನು ಆಲೋಚನೆಯ ಜಾಡಿನಲ್ಲಿ ಜೋಡಿಸುವ ಯಂತ್ರವೊಂದನ್ನು ವ್ಯಾನೆವರ್ ಬುಷ್ 1945ರಲ್ಲಿಯೇ ಕಲ್ಪಿಸಿದ್ದರು. ಟಿಮ್ ಬರ್ನರ್ಸ್-ಲೀ 1989ರಲ್ಲಿ ಮಂಡಿಸಿದ ಪ್ರಸ್ತಾವದಿಂದ ರೂಪುಗೊಂಡ ಜಾಲವು ಇಂತಹ ಓದನ್ನು ಸಾರ್ವತ್ರಿಕಗೊಳಿಸಿತು.

ಕ್ರಮವನ್ನು ಮುರಿದು ಓದುವುದು ಹೊಸತಲ್ಲ. ನಿಘಂಟು, ಪದಸೂಚಿ, ಅಡಿಟಿಪ್ಪಣಿಗಳ ಓದು ಅಂತಹುದೇ. ಆದರೆ ಅಡಿಟಿಪ್ಪಣಿಯು ಆಧಾರವನ್ನೋ ವಿವರಣೆಯನ್ನೋ ನೀಡುತ್ತದೆ ಎಂಬುದನ್ನು ಓದುಗನು ಮೊದಲೇ ಬಲ್ಲನು. ಜಾಲದ ಕೊಂಡಿಗೆ ಅಂತಹ ನಿಶ್ಚಿತ ಕಾರ್ಯವಿಲ್ಲ. ಹ್ಯಾಲಿಡೆ ಮತ್ತು ಹಸನ್ 1976ರಲ್ಲಿ ವಿವರಿಸಿದ ಪಠ್ಯಸಂಸಕ್ತಿಯ ಸಾಧನಗಳಲ್ಲಿ ಸಂಯೋಜಕಗಳೂ ಸೇರಿವೆ. ‘ಆದರೆ’, ‘ಆದುದರಿಂದ’ ಎಂಬ ಪದಗಳು ವಾಕ್ಯಗಳನ್ನು ಜೋಡಿಸುವುದರೊಡನೆ ಆ ಜೋಡಣೆಯ ಅರ್ಥವನ್ನೂ ತಿಳಿಸುತ್ತವೆ. ಕೊಂಡಿಯು ಜೋಡಿಸುತ್ತದೆ, ಸಂಬಂಧವನ್ನು ಹೇಳುವುದಿಲ್ಲ.

ಈ ಮೌನದ ಹೊರೆ ಓದುಗನ ಮೇಲೆ ಬೀಳುತ್ತದೆ. ಕೊಂಡಿಯನ್ನು ಅನುಸರಿಸಬೇಕೆ, ಬಿಡಬೇಕೆ ಎಂಬ ನಿರ್ಧಾರವು ಗ್ರಹಿಕೆಗೆ ಮೀಸಲಾದ ಅವಧಾನವನ್ನು ಕಸಿದುಕೊಳ್ಳುತ್ತದೆ. ಡಿಸ್ಟೆಫಾನೊ ಮತ್ತು ಲಫೆವ್ರ್ 2007ರಲ್ಲಿ ಪ್ರಕಟಿಸಿದ ಸಮೀಕ್ಷೆಯೂ ಈ ಹೆಚ್ಚುವರಿ ಹೊರೆಯಿಂದ ಓದು ಕುಂದುತ್ತದೆಂಬ ನಿಲುವಿಗೆ ಬಂದಿತು. ಓದುಗನ ಪೂರ್ವಜ್ಞಾನ ಹಾಗೂ ಪಠ್ಯದ ರಚನೆಗಳು ಇದರ ಪ್ರಮಾಣವನ್ನು ಬದಲಿಸುತ್ತವೆ.

ಬರಹಗಾರನಿಗೂ ಇದರಿಂದ ಬಿಡುಗಡೆಯಿಲ್ಲ. ಓದುಗನು ಯಾವ ಪುಟದಿಂದಲಾದರೂ ಪ್ರವೇಶಿಸಬಹುದಾದ ಕಾರಣ, ಹಿಂದಿನ ಪುಟವನ್ನು ನೆಚ್ಚಿದ ‘ಮೇಲೆ ಹೇಳಿದಂತೆ’, ‘ಅವರು’ ಮೊದಲಾದ ನಿರ್ದೇಶಗಳು ಆಧಾರ ಕಳೆದುಕೊಳ್ಳುತ್ತವೆ. ಹೆಸರನ್ನು ಪುನರುಚ್ಚರಿಸಬೇಕಾಗುತ್ತದೆ, ಪ್ರತಿ ಪುಟವೂ ತನ್ನಷ್ಟಕ್ಕೆ ಅರ್ಥವಾಗಬೇಕಾಗುತ್ತದೆ.

ಕನ್ನಡದಲ್ಲಿ ಇದಕ್ಕೊಂದು ರೂಪವೈಜ್ಞಾನಿಕ ಮುಖವೂ ಇದೆ. ವಿಕಿಪೀಡಿಯದಲ್ಲಿ ಪುಟದ ಹೆಸರು ‘ಮೈಸೂರು’. ವಾಕ್ಯದಲ್ಲಿ ಬರುವುದು ‘ಮೈಸೂರಿನಲ್ಲಿ’. ಪ್ರತ್ಯಯ ಸೇರುವಾಗ ಪ್ರಕೃತಿಯ ಕೊನೆಯ ಸ್ವರವೇ ಲೋಪವಾಗುವುದರಿಂದ, ಪುಟದ ಹೆಸರಿಗೆ ಕೊಂಡಿ ಹಾಕಿ ಪ್ರತ್ಯಯವನ್ನು ಹೊರಗೆ ಅಂಟಿಸಲು ಬರುವುದಿಲ್ಲ. ಹೆಸರು ಮತ್ತು ತೋರುವ ರೂಪ ಎರಡನ್ನೂ ಬೇರೆಬೇರೆಯಾಗಿ ಬರೆದು ನಡುವೆ ಲಂಬರೇಖೆ ಇಡಬೇಕು. ಹೀಗೆ ಕೊಂಡಿಯೊಳಗೆ ಬಂದ ಸಪ್ತಮಿಯು ಊರಿಗೂ ಕ್ರಿಯೆಗೂ ಇರುವ ಸಂಬಂಧವನ್ನು ತಿಳಿಸುತ್ತದೆ. ಈ ಪುಟಕ್ಕೂ ಆ ಪುಟಕ್ಕೂ ಇರುವ ಸಂಬಂಧವನ್ನಲ್ಲ.

ಅದನ್ನು ಹೇಳಬಲ್ಲದ್ದು ಸುತ್ತಣ ವಾಕ್ಯ ಮಾತ್ರ. ‘ಈ ನಿಯಮದ ಅಪವಾದಗಳು’ ಎಂಬ ಕೊಂಡಿಯು ‘ಇಲ್ಲಿ ಒತ್ತಿ’ ಎಂಬುದಕ್ಕಿಂತ ಹೆಚ್ಚು ತಿಳಿಸುತ್ತದೆ. ಆದಕಾರಣ ಹೈಪರ್‌ಟೆಕ್ಸ್ಟಿನ ವಿಶ್ಲೇಷಣೆಯಲ್ಲಿ ಕೊಂಡಿಯನ್ನು ಅದನ್ನು ಹೊತ್ತ ವಾಕ್ಯದೊಡನೆಯೇ ಪರಿಶೀಲಿಸುವುದು ಯುಕ್ತ.