ಹೊರಗಿನ ಮಾಹಿತಿ ಕ್ಲಾಸಿನ ಒಳಗೆ ಬರುವುದು ಹೇಗೆ?

ಕಂಪ್ಯೂಟರ್ ಕುರಿತ ನಮ್ಮ ಮಾತುಕತೆಯನ್ನು ನೋಡಿದ ಬಬಲೇಶ್ವರದ ತರುಣರೊಬ್ಬರು ಒಂದು ಪ್ರಶ್ನೆ ಕೇಳಿದ್ದಾರೆ: "ವೆಬ್ ತಾಣದ ಸೆಟ್ಟಿಂಗ್‌ಗಳನ್ನೆಲ್ಲ ಬೇರೊಂದು ಫೈಲಿನಲ್ಲಿ ಬರೆದಿದ್ದೇನೆ. ಆ ಫೈಲನ್ನು ಸೇರಿಸಿಯೂ ಇದ್ದೇನೆ. ಆದರೂ ಕ್ಲಾಸಿನ ಒಳಗೆ ಅವು ಸಿಗುತ್ತಿಲ್ಲ, ಏಕೆ?" ಅನೇಕರನ್ನು ಕಾಡುವ ಈ ಪ್ರಶ್ನೆಯನ್ನು ಇಲ್ಲಿ ವಿವರವಾಗಿ ನೋಡೋಣ.

ಸೆಟ್ಟಿಂಗ್‌ಗಳನ್ನು ಹೊರಗೆ ಇಡುವುದಾದರೂ ಏಕೆ? ಇದಕ್ಕೆ ವಿಜಯಪುರ ಜಿಲ್ಲೆಯೇ ಒಳ್ಳೆಯ ನಿದರ್ಶನ. 2014ರ ನವೆಂಬರ್ 1ರಂದು ಬಿಜಾಪುರವು ವಿಜಯಪುರವಾಯಿತು. 2017ರ ರಾಜ್ಯ ಬಜೆಟ್ಟಿನಲ್ಲಿ ಹೊಸ ತಾಲ್ಲೂಕುಗಳ ಘೋಷಣೆಯಾಗಿ, ವಿಜಯಪುರ ತಾಲ್ಲೂಕಿನಲ್ಲಿದ್ದ ತಿಕೋಟಾ ಮತ್ತು ಬಬಲೇಶ್ವರ ಪ್ರತ್ಯೇಕ ತಾಲ್ಲೂಕುಗಳಾದವು. ತಿಕೋಟಾ ಭಾಗದ ಬೆಳೆಗಾರರಿಗೆ ಒಣದ್ರಾಕ್ಷಿಯ ದರ ತಿಳಿಸುವ ತಾಣವೊಂದಿದೆ ಎಂದು ಭಾವಿಸಿ. ಜಿಲ್ಲೆಯ ಹೆಸರನ್ನು ನಲವತ್ತು ಕಡೆ ನೇರವಾಗಿ ಬರೆದಿದ್ದರೆ ನಲವತ್ತೂ ಕಡೆ ತಿದ್ದಬೇಕು. ಒಂದನ್ನು ಮರೆತರೂ ಆ ಪುಟ ಹಳೆಯ ಹೆಸರಿನಲ್ಲೇ ಹುಡುಕಿ, ಖಾಲಿಯಾಗಿ ನಿಲ್ಲುತ್ತದೆ. ಮಾಲನ್ನು ಇಲ್ಲೇ ಮಾರುವುದೋ, ಕೋಲ್ಡ್ ಸ್ಟೋರೇಜಿನಲ್ಲಿ ಇಡುವುದೋ, ತಾಸಗಾಂವ ಪೇಟೆಗೆ ಒಯ್ಯುವುದೋ ಎಂದು ನಿರ್ಧರಿಸಬೇಕಾದ ರೈತನಿಗೆ ಅಂದಿನ ದರವೇ ಸಿಗುವುದಿಲ್ಲ. ಹೆಸರು ಒಂದೇ ಕಡೆ ಇದ್ದರೆ ತಿದ್ದುವುದೂ ಒಂದೇ ಕಡೆ.

ಈಗ ಮೂಲ ಪ್ರಶ್ನೆಗೆ ಬರೋಣ. ರಾಸ್ಮಸ್ ಲೆರ್ಡಾರ್ಫ್ ಅವರು 1995ರಲ್ಲಿ ಹೊರತಂದ ಪಿ.ಎಚ್.ಪಿ. ಭಾಷೆಯಲ್ಲಿ ಪ್ರತಿಯೊಂದು ಫಂಕ್ಷನ್ನಿಗೂ ತನ್ನದೇ ಎಲ್ಲೆ ಇದೆ. ಹೊರಗೆ ಹುಟ್ಟಿದ ವೇರಿಯಬಲ್ ಆ ಎಲ್ಲೆಯನ್ನು ತಾನಾಗಿ ದಾಟದು. ಕ್ಲಾಸಿನ ಮೆಥಡ್‌ಗಳೂ ಫಂಕ್ಷನ್‌ಗಳೇ ಆದ್ದರಿಂದ ಅವುಗಳಿಗೂ ಇದೇ ನಿಯಮ. ಫೈಲನ್ನು ಹೊರಗೆ ಸೇರಿಸಿದರೆ ಅದರ ವೇರಿಯಬಲ್‌ಗಳು ಹೊರಗೇ ಉಳಿಯುತ್ತವೆ.

ಹಾಗಾದರೆ ಪರಿಹಾರವೇನು? ಕೆಲವರು 'ಗ್ಲೋಬಲ್' ಎಂಬ ಪದವನ್ನು ಬಳಸುತ್ತಾರೆ. ಕೆಲಸವೇನೋ ಆಗುತ್ತದೆ. ಆದರೆ ಇದು ಗೋಲಗುಂಬಜದ ಗ್ಯಾಲರಿಯಲ್ಲಿ ಮಾತನಾಡಿದಂತೆ. ಪಿಸುಮಾತೂ ಎಲ್ಲರಿಗೆ ಕೇಳುತ್ತದೆ. ಆಡಿದವರು ಯಾರೆಂದು ತಿಳಿಯುವುದಿಲ್ಲ. ಗ್ಲೋಬಲ್ ವೇರಿಯಬಲ್ಲನ್ನು ಯಾವ ಭಾಗ ಬೇಕಾದರೂ ಬದಲಿಸಬಹುದು. ತಪ್ಪು ಎಲ್ಲಾಯಿತೆಂದು ಹುಡುಕುವುದು ಕಷ್ಟ.

ಮೆಥಡ್ಡಿನ ಒಳಗೇ ಫೈಲನ್ನು ಸೇರಿಸುವುದು ಇನ್ನೊಂದು ದಾರಿ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 'ರಿಕ್ವೈರ್ ಒನ್ಸ್' ಎಂಬ ಆಜ್ಞೆ ಒಂದು ಫೈಲನ್ನು ಒಮ್ಮೆ ಮಾತ್ರ ಓದುತ್ತದೆ. ಅದೇ ಮೆಥಡ್ಡನ್ನು ಎರಡನೆಯ ಸಲ ಕರೆದಾಗ ಫೈಲು ಮತ್ತೆ ಓದಲ್ಪಡುವುದಿಲ್ಲ, ವೇರಿಯಬಲ್ ಖಾಲಿ ಇರುತ್ತದೆ. ಮೊದಲ ಸಲ ಕೆಲಸ ಮಾಡಿ ಮರುಸಲ ಕೈಕೊಡುವ ಪ್ರೋಗ್ರಾಮುಗಳಲ್ಲಿ ಇದನ್ನು ಪರೀಕ್ಷಿಸಿ ನೋಡಬೇಕು.

ಎಂದೂ ಬದಲಾಗದ ಮೌಲ್ಯಗಳಿಗೆ 'ಕಾನ್‌ಸ್ಟಂಟ್' ಅಂದರೆ ಸ್ಥಿರಾಂಕ ಸಾಕು. ಅದು ಎಲ್ಲ ಕ್ಲಾಸುಗಳ ಒಳಗೂ ಕಾಣುತ್ತದೆ. ಆದರೆ ಒಮ್ಮೆ ಕೊಟ್ಟ ಮೌಲ್ಯವನ್ನು ಆ ಓಟದಲ್ಲಿ ಬದಲಿಸಲಾಗದು.

ಎಲ್ಲಕ್ಕಿಂತ ಒಳ್ಳೆಯದು, ಬೇಕಾದುದನ್ನು ಬಾಗಿಲಲ್ಲೇ ಕೈಗೆ ಕೊಡುವುದು. ಇದರ ಹಂತಗಳು ಮೂರು. ಸೆಟ್ಟಿಂಗ್‌ಗಳ ಫೈಲು ಎಲ್ಲ ಮೌಲ್ಯಗಳನ್ನೂ ಒಂದು ಪಟ್ಟಿಯಾಗಿ ಹಿಂದಿರುಗಿಸಲಿ. ಮುಖ್ಯ ಪ್ರೋಗ್ರಾಮು ಅದನ್ನು ಒಮ್ಮೆ ಓದಿಕೊಳ್ಳಲಿ. ಕ್ಲಾಸಿನಿಂದ ಆಬ್ಜೆಕ್ಟ್ ರಚಿಸುವಾಗ ಆ ಪಟ್ಟಿಯನ್ನು 'ಕನ್‌ಸ್ಟ್ರಕ್ಟರ್'ಗೆ ಕೊಡಲಿ. ಕನ್‌ಸ್ಟ್ರಕ್ಟರ್ ಅದನ್ನು ಆಬ್ಜೆಕ್ಟಿನ ಸ್ವಂತ ಆಸ್ತಿಯಾಗಿ ಇಟ್ಟುಕೊಳ್ಳುತ್ತದೆ. ಬಳಿಕ ಯಾವ ಮೆಥಡ್ ಬೇಕಾದರೂ 'ದಿಸ್' ಮೂಲಕ ಬಳಸಬಹುದು. ಪ್ರಯೋಗ ಮಾಡುವಾಗ ನಿಜವಾದ ದರಪಟ್ಟಿಯ ಬದಲು ಮಾದರಿ ಪಟ್ಟಿಯ ವಿವರ ಕೊಟ್ಟರಾಯಿತು, ಕ್ಲಾಸನ್ನು ಮುಟ್ಟಬೇಕಾಗಿಲ್ಲ.

ಮತ್ತೊಂದು ಮಾತು. ಡೇಟಾಬೇಸಿನ ಪಾಸ್‌ವರ್ಡ್ ಇರುವ ಫೈಲನ್ನು ಬ್ರೌಸರಿನಿಂದ ತಲುಪಬಹುದಾದ ಫೋಲ್ಡರಿನ ಹೊರಗೆ ಇಡಬೇಕು. ಪ್ರೋಗ್ರಾಮನ್ನು ಗೆಳೆಯರಿಗೆ ಕೊಡುವಾಗ ಆ ಫೈಲನ್ನು ಕೊಡಬಾರದು.

ಬಬಲೇಶ್ವರದ ಗೆಳೆಯರು ತಮ್ಮ ಪ್ರೋಗ್ರಾಮಿನಲ್ಲಿ ಇದನ್ನು ಮಾಡಿ, ಸೆಟ್ಟಿಂಗ್‌ನ ಫೈಲಿನಲ್ಲಿ ತಾಲ್ಲೂಕಿನ ಹೆಸರನ್ನು ಒಮ್ಮೆ ಬದಲಿಸಿ ನೋಡಲಿ. ಎಲ್ಲ ಪುಟಗಳಲ್ಲೂ ಅದು ಬದಲಾಗದಿದ್ದರೆ, ಎಲ್ಲೋ ಒಂದು ಕಡೆ ಹಳೆಯ ಹೆಸರು ಇನ್ನೂ ಕುಳಿತಿದೆ ಎಂದೇ ಅರ್ಥ.