ಅಳಿಸಿದ ಲಾಗ್ ಎಲ್ಲಿಗೂ ಹೋಗಿರುವುದಿಲ್ಲ

ಡಿಸ್ಕ್ ತುಂಬಿತಾ? ದೊಡ್ಡ ಲಾಗ್ ಫೈಲ್ ಹುಡುಕಿ ಅಳಿಸಿಬಿಡಿ, ಜಾಗ ಆಗುತ್ತೆ. ಲಿನಕ್ಸ್ ಸರ್ವರ್‌ಗೆ ಹೊಸದಾಗಿ ಕೈ ಹಾಕಿದವರಿಗೆಲ್ಲ ಯಾರೋ ಒಬ್ಬರು ಈ ಉಪದೇಶ ಕೊಟ್ಟೇ ಕೊಟ್ಟಿರುತ್ತಾರೆ.

40 ಜಿಬಿ ಫೈಲಿಗೆ ಆರ್‌ಎಂ ಹೊಡೆಯುತ್ತೀರಿ. ಎಲ್‌ಎಸ್‌ನಲ್ಲಿ ಫೈಲ್ ಕಾಣುವುದಿಲ್ಲ, ಡಿಯು ಲೆಕ್ಕದಲ್ಲೂ ಇಲ್ಲ. ಡಿಸ್ಕ್ ಎಷ್ಟು ತುಂಬಿದೆ ಎಂದು ಹೇಳುವ ಡಿಎಫ್ ಮಾತ್ರ ಮೊದಲಿನಂತೆ 100% ಎಂದೇ ತೋರಿಸುತ್ತದೆ. ಅಲ್ಲಿಂದ ಗೋಳು ಶುರು: ಡಿಎಫ್ ಸುಳ್ಳು ಹೇಳುತ್ತಿದೆ, ಡಿಸ್ಕ್ ಕೆಟ್ಟಿದೆ, ಯಾರೋ ಹ್ಯಾಕ್ ಮಾಡಿದ್ದಾರೆ. ಡಿಎಫ್ ಹೇಳುತ್ತಿರುವುದು ನಿಜವೇ, ಮಾರಾಯರೆ! ಆರ್‌ಎಂ ಕಿತ್ತು ಹಾಕುವುದು ಡೈರೆಕ್ಟರಿಯಲ್ಲಿರುವ ಹೆಸರನ್ನು. ಯಾವುದಾದರೂ ಪ್ರೋಗ್ರಾಂ ಆ ಫೈಲನ್ನು ತೆರೆದಿಟ್ಟುಕೊಂಡಿರುವ ತನಕ ಕರ್ನಲ್ ಅದರ ಬ್ಲಾಕ್‌ಗಳನ್ನು ಬಿಟ್ಟುಕೊಡುವುದಿಲ್ಲ. ವೆಬ್ ಸರ್ವರ್ ಹೆಸರಿಲ್ಲದ ಆ ಫೈಲಿಗೇ ಬರೆಯುತ್ತ ಕೂತಿರುತ್ತದೆ, ಜಾಗ ಸಿಕ್ಕರೆ ಫೈಲ್ ಬೆಳೆಯುತ್ತಲೂ ಇರುತ್ತದೆ. ಡಿಯು ಹೆಸರು ಹಿಡಿದು ಎಣಿಸುತ್ತದೆ, ಡಿಎಫ್ ಬ್ಲಾಕ್ ಎಣಿಸುತ್ತದೆ.

ಎಲ್‌ಎಸ್‌ಒಎಫ್‌ಗೆ +ಎಲ್1 ಕೊಟ್ಟು ನೋಡಿ. ಅಳಿಸಿದ ಮೇಲೂ ತೆರೆದೇ ಇರುವ ಫೈಲುಗಳು, ಹಿಡಿದುಕೊಂಡಿರುವ ಪ್ರೋಗ್ರಾಂ, ಗಾತ್ರ ಎಲ್ಲ ಸಿಗುತ್ತದೆ. ಆ ಪ್ರೋಗ್ರಾಂ ರೀಸ್ಟಾರ್ಟ್ ಮಾಡಿದರೆ ಜಾಗ ವಾಪಸ್. (ರೀಬೂಟ್ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬ ಭಕ್ತಿಗೆ ಪುರಾವೆ ಸಿಗುವುದೂ ಹೀಗೇ.) ಅಳಿಸುವ ಬದಲು ಟ್ರಂಕೇಟ್ ಮಾಡಿ ಸೊನ್ನೆಗೆ ಇಳಿಸಿದ್ದರೆ ರೀಸ್ಟಾರ್ಟೂ ಬೇಕಿರಲಿಲ್ಲ. ಆದರೆ ಪ್ರೋಗ್ರಾಂ ಫೈಲನ್ನು ಅಪೆಂಡ್ ಮೋಡ್‌ನಲ್ಲಿ ತೆರೆದಿರದಿದ್ದರೆ, ತಾನು ಬಿಟ್ಟಿದ್ದ ಕಡೆಯಿಂದಲೇ ಬರೆಯಲು ಶುರು ಮಾಡುತ್ತದೆ, ಎಲ್‌ಎಸ್‌ನಲ್ಲಿ ಮತ್ತೆ 40 ಜಿಬಿ! ಗಾಬರಿ ಬೇಡ, ನಡುವೆ ಇರುವುದು ಬರೀ ತೂತು. ಡಿಸ್ಕಿನಲ್ಲಿ ಅದು ಜಾಗ ತಿನ್ನುವುದಿಲ್ಲ.

ಹಳೆಯ ಲಾಗುಗಳನ್ನು ಸರದಿಯಂತೆ ತೆರವು ಮಾಡುವ ಲಾಗ್‌ರೊಟೇಟ್ ಹಾಕಿದ ಮೇಲೆ ಇನ್ನೇನು ಚಿಂತೆ ಎನ್ನುವವರೂ ಇದ್ದಾರೆ. ಅದು ಸಾಮಾನ್ಯವಾಗಿ ದಿನಕ್ಕೊಮ್ಮೆ ಓಡುತ್ತದೆ. 100 ಎಂಬಿ ಮಿತಿ ಬರೆದಿಟ್ಟಿದ್ದರೂ ಮಧ್ಯಾಹ್ನ ಉಕ್ಕಿದ ಲಾಗ್ ಅದರ ಕಣ್ಣಿಗೆ ಬೀಳುವುದು ಮುಂದಿನ ಸರದಿಗೆ. ಇನ್ನು ಸಿಸ್ಟಮ್ ಲಾಗ್ ಕೂಡಿಡುವ ಜರ್ನಲ್‌ಡಿ ಡಿಸ್ಕನ್ನೆಲ್ಲ ನುಂಗುತ್ತದಂತೆ. ಡೀಫಾಲ್ಟ್ ಮಿತಿ ಫೈಲ್ ಸಿಸ್ಟಮ್‌ನ 10%, ಅದೂ 4 ಜಿಬಿ ದಾಟದಂತೆ. ಲಾಗ್‌ರೊಟೇಟ್‌ನಲ್ಲಿ ಕಾಪಿಟ್ರಂಕೇಟ್ ಹಾಕಿದರೆ ಒಂದು ಸಾಲೂ ಕಳೆಯುವುದಿಲ್ಲವಂತೆ. ನಕಲು ಮುಗಿದು ಖಾಲಿ ಮಾಡುವಷ್ಟರಲ್ಲಿ ಬಂದ ಸಾಲುಗಳು ಹೋಗಬಹುದು ಎಂದು ಅದರ ಮ್ಯಾನ್ ಪೇಜೇ ಹೇಳುತ್ತದೆ, ಓದುವವರು ಬೇಕಲ್ಲ! ವಾಟ್ಸ್ಯಾಪ್‌ನಲ್ಲಿ ಬಂದ ಮನೆಮದ್ದನ್ನು ನೋಡಿ ನಗುವ ಎಂಜಿನಿಯರುಗಳೇ ಎಲ್ಲಿಂದಲೋ ಎತ್ತಿಕೊಂಡ ಒಂದು ಸಾಲಿನ ಕಮಾಂಡನ್ನು ಹತ್ತಾರು ಜನ ಬಳಸುವ ಸರ್ವರ್‌ನಲ್ಲಿ ರೂಟ್ ಆಗಿ ಓಡಿಸುತ್ತಾರೆ.

ಓಡಿಸಿದ ಮೇಲೆ, ಡಿಸ್ಕ್ ಇನ್ನೂ ತುಂಬಿದ್ದರೂ, "ನನಗೆ ಸರಿಯಾಗೇ ಇದೆಯಲ್ಲ" ಎನ್ನುವುದು ಬೇರೆ. ಇರುತ್ತದೆ: ಎಕ್ಸ್ಟ್4 ಫೈಲ್ ಸಿಸ್ಟಮ್ ಡೀಫಾಲ್ಟಾಗಿ 5% ಜಾಗವನ್ನು ರೂಟ್‌ಗೆಂದೇ ಎತ್ತಿಟ್ಟಿರುತ್ತದೆ. ಫೈಲ್ ಸೇವ್ ಆಗದೆ ಪರದಾಡುವವರು ಉಳಿದವರು.